ಅಕ್ಷರ ಕಲಿಸಲು ಯಾವ ದಾರಿ: ವರ್ಣಮಾಲೆಯೋ, ‘ರ ಗ ಸ ದ ಅ’ ಸಾಲೋ, ಪದಗಳೋ?

ಮಗುವಿಗೆ ಕನ್ನಡ ಅಕ್ಷರ ಕಲಿಸಲು ಹೊರಟ ತಂದೆತಾಯಿಯರ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ಮನೆಯ ಹಿರಿಯರು ತಾವು ಕಲಿತಂತೆ ‘ಅ ಆ ಇ ಈ’ಯಿಂದಲೇ ಆರಂಭವಾಗಲಿ ಎನ್ನುತ್ತಾರೆ, ಸರ್ಕಾರಿ ಶಾಲೆಯ ಒಂದನೆಯ ತರಗತಿಗೆ ಹೋದರೆ ‘ರ ಗ ಸ ದ ಅ’ ಎಂಬ ಬೇರೆಯೇ ಸಾಲು ಕಾಣುತ್ತದೆ, ಚಿತ್ರಪುಸ್ತಕಗಳನ್ನು ನೆಚ್ಚಿಕೊಂಡ ಶಿಕ್ಷಕರು ಮೊದಲು ಇಡೀ ಪದಗಳನ್ನು ತೋರಿಸಿ, ಅಕ್ಷರಗಳನ್ನು ಆಮೇಲೆ ಬಿಡಿಸಿ ಹೇಳಿ ಎನ್ನುತ್ತಾರೆ. ಮೂರರಲ್ಲಿ ಒಂದನ್ನು ಹಿಡಿದು ಉಳಿದೆರಡನ್ನು ಬಿಡಬೇಕು ಎಂದುಕೊಳ್ಳುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ. ಅಕ್ಷರವನ್ನು ಗುರುತಿಸುವುದು ಕಣ್ಣು ಮತ್ತು ಕಿವಿಗಳ ಕೆಲಸ, ಬರೆಯುವುದು ಕೈಯ ಕೆಲಸ. ಒಂದಕ್ಕೆ ಒಗ್ಗುವ ಕ್ರಮ ಇನ್ನೊಂದಕ್ಕೆ ಒಗ್ಗಬೇಕೆಂದೇನೂ ಇಲ್ಲ. ಈ ಬರಹದಲ್ಲಿ ಮಾಡಿರುವ ಹೋಲಿಕೆಗಳೆಲ್ಲ ಈ ಒಂದು ನಿಲುವಿನ ಮೇಲೆ ನಿಂತಿವೆ.

ಹೋಲಿಕೆಗೆ ಮೊದಲು ಕಲಿಯಬೇಕಾದುದು ಎಷ್ಟಿದೆ ಎಂಬುದನ್ನು ನೋಡಬೇಕು. ಇಂದಿನ ಪಠ್ಯಪುಸ್ತಕಗಳ ಲೆಕ್ಕದಲ್ಲಿ 13 ಸ್ವರಗಳು, 2 ಯೋಗವಾಹಗಳು, 34 ವ್ಯಂಜನಗಳು ಸೇರಿ ಕನ್ನಡದಲ್ಲಿ 49 ಅಕ್ಷರಗಳಿವೆ. ಗೋಡೆಯ ಮೇಲಿನ ಪಟದಲ್ಲಿ ಇವಿಷ್ಟನ್ನೂ ಮಗು ತೋರಿಸಿ ಹೇಳಿಬಿಟ್ಟರೆ ಅಕ್ಷರಾಭ್ಯಾಸ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಆದರೆ ವ್ಯಂಜನಗಳಿಗೆ ಸ್ವರಗಳು ಸೇರಿದಾಗ ಗುಣಿತಾಕ್ಷರಗಳೇ 442 ಆಗುತ್ತವೆ. ಅವುಗಳ ಕೆಳಗೆ ಒತ್ತಕ್ಷರಗಳು ಬೇರೆ ಇವೆ. ಕನ್ನಡದಲ್ಲಿ ಓದು ಕಲಿಯುವ ಮಕ್ಕಳನ್ನು ಕುರಿತು ಮನಶ್ಶಾಸ್ತ್ರಜ್ಞೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಗ್ಲಿಷಿನ 26 ಅಕ್ಷರಗಳನ್ನು ಕಲಿಯುವ ಮಕ್ಕಳಿಗೆ ಹೋಲಿಸಿದರೆ ನಮ್ಮ ಮಕ್ಕಳಿಗೆ ಲಿಪಿಯ ಮೇಲೆ ಹಿಡಿತ ಬರಲು ಹೆಚ್ಚು ಕಾಲ ಬೇಕು, ಆ ಕಲಿಕೆ ಪ್ರಾಥಮಿಕ ಶಾಲೆಯ ಮೊದಲ ಹಲವು ವರ್ಷಗಳಿಗೆ ಹರಡಿಕೊಂಡಿರುತ್ತದೆ ಎಂಬುದನ್ನು ತೋರಿಸಿತು. ಆದ್ದರಿಂದ ಎಲ್‌ಕೆಜಿ ಮುಗಿಯುವುದರೊಳಗೆ ಇಂಗ್ಲಿಷ್ ಅಕ್ಷರಗಳೆಲ್ಲ ಬಂದವು, ಕನ್ನಡ ಮಾತ್ರ ಬರಲಿಲ್ಲ ಎಂದು ಮಗುವನ್ನು ದೂರುವುದು ಅನ್ಯಾಯ. ಅಲ್ಲಿ ಕಲಿಯಬೇಕಾದುದಕ್ಕೂ ಇಲ್ಲಿ ಕಲಿಯಬೇಕಾದುದಕ್ಕೂ ಅಳತೆಯೇ ಬೇರೆ.

ವರ್ಣಮಾಲೆಯ ಕ್ರಮ

ವರ್ಣಮಾಲೆಯ ಜೋಡಣೆ ಬಾಯಿಯ ಒಳಗಿನ ಜೋಡಣೆ. ಕ ವರ್ಗ ಗಂಟಲ ಬಳಿ ಹುಟ್ಟುತ್ತದೆ, ಪ ವರ್ಗ ತುಟಿಗಳಲ್ಲಿ ಮುಗಿಯುತ್ತದೆ. ಪ್ರತಿ ವರ್ಗದ ಐದನೆಯ ಅಕ್ಷರ ಮೂಗಿನಿಂದ ಬರುತ್ತದೆ. ಈ ಸಾಲನ್ನು ರಾಗವಾಗಿ ಹೇಳಿಕೊಳ್ಳುವ ಮಗುವಿಗೆ ಉಚ್ಚಾರ ತಿದ್ದಿಕೊಳ್ಳಲು, ಹ್ರಸ್ವ ದೀರ್ಘಗಳ ಅಂತರವನ್ನು ಕಿವಿಯಲ್ಲಿ ಹಿಡಿಯಲು, ಮುಂದೆ ನಿಘಂಟು ನೋಡಲು ನಿಜವಾದ ಸಹಾಯ ಸಿಗುತ್ತದೆ. ಕಂಠಪಾಠವನ್ನು ಹಳೆಯ ಕಾಲದ ಪದ್ಧತಿಯೆಂದು ಪೂರ್ತಿ ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಾಯಿಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಲು ಇಲ್ಲ.

ತೊಡಕು ಬರುವುದು ಇದೇ ಸಾಲನ್ನು ಓದಲು ಮತ್ತು ಬರೆಯಲು ಬಳಸಿದಾಗ. ಕನ್ನಡದಲ್ಲಿ ಸ್ವರಾಕ್ಷರಗಳು ಪದದ ಮೊದಲಲ್ಲಿ ಮಾತ್ರ ತಮ್ಮ ಪೂರ್ಣ ರೂಪದಲ್ಲಿ ಕಾಣುತ್ತವೆ; ಪದದ ನಡುವೆ ಹಾಗೂ ಕೊನೆಯಲ್ಲಿ ಅವು ಇಳಿ, ಗುಡಿಸು, ಕೊಂಬು, ಎತ್ವಗಳಾಗಿ ವ್ಯಂಜನಕ್ಕೆ ಅಂಟಿಕೊಳ್ಳುತ್ತವೆ. ಹದಿಮೂರು ಸ್ವರಗಳನ್ನು ವಾರಗಟ್ಟಲೆ ಕಲಿತ ಮಗು ಆಮೇಲೆ ಪುಸ್ತಕ ತೆರೆದರೆ, ಕಲಿತದ್ದು ಪುಟದಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಸಿಗುತ್ತದೆ. ‘ಆನೆ’ಯಲ್ಲಿ ಆ ಗೊತ್ತು, ‘ನೆ’ ಗೊತ್ತಿಲ್ಲ. ‘ಇಲಿ’ಯಲ್ಲಿ ಇ ಗೊತ್ತು, ‘ಲಿ’ ಗೊತ್ತಿಲ್ಲ. ಪಟದ ಚಿತ್ರವನ್ನು ನೋಡಿ ‘ಆನೆ’ ಎನ್ನುವ ಮಗು ಓದುತ್ತಿಲ್ಲ, ಚಿತ್ರಕ್ಕೆ ಹೆಸರು ಹೇಳುತ್ತಿದೆ. ಇದರ ಜೊತೆಗೆ ‘ಋ’ಗೆ ಋಷಿಯನ್ನು ಬಿಟ್ಟರೆ ಮಗುವಿನ ಲೋಕದಲ್ಲಿ ಪದವೇ ಇಲ್ಲ, ಙ ಮತ್ತು ಞ ಇಂದಿನ ಬರವಣಿಗೆಯಲ್ಲಿ ಸ್ವತಂತ್ರವಾಗಿ ಸಿಗುವುದು ತೀರ ಅಪರೂಪ, ಣ ಮತ್ತು ಳ ಪದದ ಮೊದಲಲ್ಲಿ ಬರುವುದೇ ಇಲ್ಲವೆನ್ನಬಹುದು. ಪಟ ಮಾಡುವವರು ‘ಣ’ದ ಪಕ್ಕದಲ್ಲಿ ಬಾಣದ ಚಿತ್ರ ಹಾಕಿ ಸುಮ್ಮನಾಗುತ್ತಾರೆ, ಅಕ್ಷರ ಕೊನೆಯಲ್ಲಿದೆ ಎಂಬುದನ್ನು ಮಗುವೇ ಊಹಿಸಿಕೊಳ್ಳಬೇಕು. ಬರೆಯುವ ದೃಷ್ಟಿಯಿಂದಲೂ ಈ ಕ್ರಮ ಸುಲಭವಾದುದಲ್ಲ: ಇ, ಈ, ಋ, ಐ ಇವುಗಳ ಬಳುಕು ನಾಲ್ಕು ವರ್ಷದ ಬೆರಳುಗಳಿಗೆ ಕಷ್ಟವಾದರೂ ಅವು ಮೊದಲ ಸಾಲುಗಳಲ್ಲಿಯೇ ಎದುರಾಗುತ್ತವೆ.

‘ರ ಗ ಸ ದ ಅ’ ಕ್ರಮ

ರಾಜ್ಯದ ಶಾಲೆಗಳಲ್ಲಿ ಬಳಕೆಯಲ್ಲಿರುವ ಈ ಕ್ರಮದಲ್ಲಿ ಅಕ್ಷರಗಳನ್ನು ಐದಾರರ ಗುಂಪುಗಳಾಗಿ ಮಾಡಿಕೊಂಡು, ಬರೆಯಲು ಸುಲಭವಾದವನ್ನೂ ಆಕಾರದಲ್ಲಿ ಬಹುಮಟ್ಟಿಗೆ ಹೋಲುವವನ್ನೂ ಒಟ್ಟಿಗೆ ಕಲಿಸಲಾಗುತ್ತದೆ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಗಳಿಂದಾಗಿ ಇದು ಹೆಚ್ಚು ಮಂದಿಗೆ ಪರಿಚಿತವಾಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಡನೆ ಆರಂಭವಾದ ನಲಿ-ಕಲಿ 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ವಿಸ್ತರಿಸಿತು. ಮಕ್ಕಳು ಕಲಿಕಾ ಏಣಿಯ (ಹಂತ ಹಂತವಾಗಿ ಜೋಡಿಸಿದ ಪಾಠಗಳ ಪಟ್ಟಿಯ) ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಏರುವುದು, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ ಇರುವುದು ಆ ತರಗತಿಗಳ ಗುರುತು. ಮನೆಯ ಗೋಡೆಯ ಒಂದು ಭಾಗಕ್ಕೆ ಕಪ್ಪು ಬಣ್ಣ ಬಳಿದುಕೊಂಡರೆ ಈ ಕೊನೆಯ ಅನುಕೂಲ ಯಾರಿಗೂ ಸಿಗುತ್ತದೆ.

ಈ ಕ್ರಮದ ಬಲ ಐದೇ ಅಕ್ಷರಗಳಲ್ಲಿ ಗೊತ್ತಾಗುತ್ತದೆ. ರ, ಗ, ಸ, ದ, ಅ ಬಂದ ಮಗು ಸರ, ರಸ, ದರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಚಿತ್ರದ ಸಹಾಯವಿಲ್ಲದೆ ಓದಬಲ್ಲದು. ಮುಂದಿನ ಗುಂಪಿನ ಜ, ವ, ಮ, ಬ, ನ ಸೇರಿದರೆ ಮರ, ಜನ, ದನ, ಬಸವ, ನಗರ ಬರುತ್ತವೆ. ‘ಅರಸನ ಮಗ’, ‘ನಗರದ ಜನ’, ‘ಬಸವನ ದನ’ ಎಂಬ ನುಡಿಗಟ್ಟುಗಳೂ ಬರುತ್ತವೆ. ಹತ್ತು ಅಕ್ಷರ ಕಲಿತ ಮಗು ತಾನಾಗಿಯೇ ಏನನ್ನೋ ಓದಿತು ಎಂಬ ಸಂತೋಷವನ್ನು ವರ್ಣಮಾಲೆಯ ಮೊದಲ ಹತ್ತು ಅಕ್ಷರಗಳು ಕೊಡಲಾರವು. ಕೈಗೂ ಇದು ಹಿತ: ರ ಬರೆಯಲು ಬಂದ ಕೈಗೆ ದ ಮತ್ತು ಸ ಬೇಗ ಒಲಿಯುತ್ತವೆ, ವ ಬಂದ ಮೇಲೆ ಮ ಅಲ್ಲಿಂದ ಒಂದು ತಿರುವಿನಷ್ಟೇ ದೂರ.

ಆದರೆ ಕೈಗೆ ಹಿತವಾದ ಇದೇ ಹೋಲಿಕೆ ಕಣ್ಣಿಗೆ ತೊಂದರೆ ಕೊಡುತ್ತದೆ. ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ವಾರ ಪರಿಚಯಿಸಿದರೆ ಮಗು ಅವನ್ನು ಅದಲುಬದಲು ಮಾಡುತ್ತದೆ. ವ ಮತ್ತು ಮ, ನ ಮತ್ತು ಸ, ಪ ಮತ್ತು ಷ, ಮುಂದೆ ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವು ಹೆಚ್ಚು ಗೊಂದಲ ಮಾಡುವ ಜೋಡಿಗಳು. ಇಂಗ್ಲಿಷಿನ ಮಕ್ಕಳು ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗುವ ಅಕ್ಷರಗಳಲ್ಲಿ ಎಡವುತ್ತಾರೆ. ಕನ್ನಡದಲ್ಲಿ ಅಂತಹ ಜೋಡಿಗಳು ಕಡಿಮೆ, ಇಲ್ಲಿ ಎಡವಿಸುವುದು ಸಣ್ಣದೊಂದು ಸೀಳು, ಒಂದು ಚುಕ್ಕೆ ಅಥವಾ ಬಾಲ. ಆದುದರಿಂದ ಬರೆಸುವಾಗ ವ ಮತ್ತು ಮ ಅಕ್ಕಪಕ್ಕದಲ್ಲಿರಲಿ, ಗುರುತಿಸುವುದನ್ನು ಕಲಿಸುವಾಗ ಒಂದು ಗಟ್ಟಿಯಾಗುವವರೆಗೆ ಇನ್ನೊಂದನ್ನು ದೂರವಿಡುವುದು ಒಳ್ಳೆಯದು. ಮಹಾಪ್ರಾಣಗಳನ್ನು ಇನ್ನಷ್ಟು ದೂರ ಇಡಬಹುದು. ದೊಡ್ಡವರೇ ಮಾತಿನಲ್ಲಿ ದ ಮತ್ತು ಧಗಳ ವ್ಯತ್ಯಾಸ ಮಾಡದಿರುವಾಗ, ಕಿವಿಗೆ ಬೀಳದ ಭೇದವನ್ನು ಕಣ್ಣಿನಿಂದ ಹಿಡಿ ಎಂದು ಐದು ವರ್ಷದ ಮಗುವನ್ನು ಕೇಳುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಕೊರತೆ, ತಲಕಟ್ಟಿನ ಅಕ್ಷರಗಳಿಂದ ಮಾತ್ರ ಕಟ್ಟಿದ ಪಾಠಗಳ ಭಾಷೆ ನೀರಸವಾಗಿರುತ್ತದೆ. ಯಾವ ಮಗುವೂ ಮನೆಯಲ್ಲಿ ‘ಅಗಸನ ಗರಗಸ’ ಎಂದು ಮಾತನಾಡುವುದಿಲ್ಲ.

ಪದಗಳಿಂದ ಆರಂಭಿಸುವ ಕ್ರಮ

ಕನ್ನಡದ ಮಗು ಮೊದಲು ಹೇಳುವ ಪದಗಳನ್ನು ಬರೆದು ನೋಡಿ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ. ಎಲ್ಲದರಲ್ಲಿಯೂ ಒತ್ತಕ್ಷರವಿದೆ. ಶಾಲೆಯ ಯಾವ ಕ್ರಮದಲ್ಲಿಯೂ ಒತ್ತಕ್ಷರ ಬರುವುದು ಕೊನೆಗೆ, ಅಂದರೆ ಮಗುವಿಗೆ ಅತ್ಯಂತ ಹತ್ತಿರದ ಪದಗಳನ್ನು ಓದುವ ಅವಕಾಶ ಅತ್ಯಂತ ತಡವಾಗಿ ಸಿಗುತ್ತದೆ. ಪದದಿಂದ ಆರಂಭಿಸುವವರು ಇದನ್ನು ತಿರುಗಿಸುತ್ತಾರೆ. ‘ಅಮ್ಮ’ ಎಂಬ ಚೀಟಿಯನ್ನು ಮಗು ಇಡಿಯಾಗಿ ಒಂದು ಆಕಾರವೆಂದು ಗುರುತಿಸುತ್ತದೆ. ತನ್ನ ಹೆಸರು, ಬಸ್ಸಿನ ಮೇಲಿನ ಊರಿನ ಹೆಸರು, ‘ಹಾಲು’, ‘ಅಂಗಡಿ’ ಇವೆಲ್ಲ ಹಾಗೆಯೇ ಪರಿಚಿತವಾಗುತ್ತವೆ. ಬರೆದದ್ದಕ್ಕೆ ಅರ್ಥವಿದೆ ಎಂಬ ಅರಿವು ಇಷ್ಟು ಬೇಗ ಬೇರಾವ ಕ್ರಮದಲ್ಲಿಯೂ ಮೂಡುವುದಿಲ್ಲ, ಮೂರು ವರ್ಷದ ಮಗುವಿನೊಡನೆ ಕೂಡ ಇದನ್ನು ಆಟವಾಗಿ ಮಾಡಬಹುದು.

ಇದರ ಮಿತಿಯೂ ಸ್ಪಷ್ಟ. ಆಕಾರವಾಗಿ ನೆನಪಿಟ್ಟ ಪದಗಳು ಒಂದಷ್ಟು ಆದ ಮೇಲೆ ಒಂದರಂತೆ ಇನ್ನೊಂದು ಕಾಣತೊಡಗುತ್ತವೆ. ‘ಅಕ್ಕ’ ಎಂದಿದ್ದಲ್ಲಿ ‘ಅಪ್ಪ’ ಎಂದು ಊಹಿಸುವ ಅಭ್ಯಾಸ ಬೆಳೆಯುತ್ತದೆ. ಕನ್ನಡದಂತೆ ಬರೆದದ್ದನ್ನು ಬಹುಪಾಲು ಹಾಗೆಯೇ ಉಚ್ಚರಿಸುವ ಲಿಪಿಯಲ್ಲಿ ಊಹೆಯನ್ನು ನೆಚ್ಚಿಕೊಂಡು ಕೂರುವ ಅಗತ್ಯವೂ ಇಲ್ಲ. ಬರವಣಿಗೆಯ ಮಟ್ಟಿಗಂತೂ ಈ ದಾರಿ ಏನೂ ಹೇಳುವುದಿಲ್ಲ.

ಹೀಗಿರುವಾಗ ನನ್ನ ಆಯ್ಕೆ ಇದು: ವರ್ಣಮಾಲೆ ಹಾಡಿಗೆ, ಪದಗಳು ಕಣ್ಣಿಗೆ, ‘ರ ಗ ಸ ದ ಅ’ ಕೈಗೆ. ಒಂದೇ ಒಂದನ್ನು ಆರಿಸಲೇಬೇಕಾದ ಅನಿವಾರ್ಯ ಇದ್ದರೆ, ದಿನಕ್ಕೆ ಕಾಲು ಗಂಟೆ ಮಾತ್ರ ಸಿಗುವ ಮನೆಗಳಿಗೆ ‘ರ ಗ ಸ ದ ಅ’ ಕ್ರಮವನ್ನೇ ಹೇಳುತ್ತೇನೆ. ಶಾಲೆಯಲ್ಲಿ ವರ್ಣಮಾಲೆಯ ಕ್ರಮವಿದ್ದರೆ ಮನೆಯಲ್ಲಿ ಅದಕ್ಕೆ ಎದುರು ನಿಲ್ಲುವ ಬದಲು, ಅಲ್ಲಿ ಕಲಿಸಿದ ಅಕ್ಷರದ ಪಕ್ಕಕ್ಕೆ ಎರಡು ಮೂರು ವ್ಯಂಜನಗಳನ್ನು ಸೇರಿಸಿ ಪದ ಕಟ್ಟಿಸಬಹುದು.

ಯಾವುದರ ಮೇಲೆ ಬರೆಸಬೇಕು?

ಕ್ರಮದ ಬಗ್ಗೆ ನಡೆಯುವ ಚರ್ಚೆ ಬರೆಯುವ ಸಾಧನದ ಬಗ್ಗೆ ನಡೆಯುವುದಿಲ್ಲ, ನಡೆಯಬೇಕಾಗಿದೆ. ಅಂಗಡಿಯಲ್ಲಿ ಸಿಗುವ ಬಹುತೇಕ ಅಭ್ಯಾಸ ಪುಸ್ತಕಗಳು ಚುಕ್ಕೆಗಳ ಮೇಲೆ ತಿದ್ದುವ ಪುಸ್ತಕಗಳು. ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ ಅವರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಇಂಗ್ಲಿಷ್ ಅಕ್ಷರಗಳನ್ನು ಸ್ವತಂತ್ರವಾಗಿ ಕೈಯಿಂದ ಬರೆಯುವುದು, ಗೆರೆಯ ಮೇಲೆ ತಿದ್ದುವುದು, ಕೀಲಿಮಣೆಯಲ್ಲಿ ಒತ್ತುವುದು ಎಂಬ ಮೂರು ಬಗೆಯ ಅಭ್ಯಾಸ ಕೊಟ್ಟು, ಬಳಿಕ ಅಕ್ಷರಗಳನ್ನು ನೋಡುವಾಗ ಅವರ ಮಿದುಳಿನ ಚಟುವಟಿಕೆಯನ್ನು ಪರೀಕ್ಷಿಸಲಾಯಿತು. ಓದಿಗೆ ಬಳಕೆಯಾಗುವ ಭಾಗಗಳು ಚುರುಕಾದದ್ದು ಸ್ವತಂತ್ರವಾಗಿ ಬರೆದ ಅಕ್ಷರಗಳನ್ನು ನೋಡಿದಾಗ. ತಿದ್ದಿದ ಮತ್ತು ಒತ್ತಿದ ಅಕ್ಷರಗಳಿಗೆ ಆ ಪರಿಣಾಮ ಕಾಣಲಿಲ್ಲ. ಮಕ್ಕಳ ಗುಂಪು ಚಿಕ್ಕದು, ಲಿಪಿ ಬೇರೆ. ಆದರೂ ಮಗು ತಾನೇ ಅಕ್ಷರವನ್ನು ಕಟ್ಟಬೇಕು, ವಕ್ರವಾಗಿ ಬಂದರೂ ಸರಿ ಎಂಬ ಮಾತಿಗೆ ಇದರಿಂದ ಬಲ ಬರುತ್ತದೆ. ತಿದ್ದುವ ಪುಸ್ತಕವನ್ನು ಗೆರೆಯ ದಿಕ್ಕು ತಿಳಿಯಲು ಒಂದೆರಡು ಬಾರಿ ಬಳಸಿ, ತಕ್ಷಣ ಖಾಲಿ ಜಾಗದಲ್ಲಿ ಬರೆಸುವುದು ಸೂಕ್ತ.

ಹರಿವಾಣದಲ್ಲಿ ಹರಡಿದ ಅಕ್ಕಿ, ರವೆ ಅಥವಾ ಮರಳಿನ ಮೇಲೆ ಬೆರಳಿನಿಂದ ಬರೆಯುವುದು ನಮಗೆ ಹೊಸದಲ್ಲ. ವಿಜಯದಶಮಿಯಂದು ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲಿ ಸಾಲಾಗಿ ಕೂತ ಮಕ್ಕಳು ಅಕ್ಕಿಯ ಮೇಲೆಯೇ ಅಕ್ಷರಾಭ್ಯಾಸ ಮಾಡುತ್ತಾರೆ, ಹಿಂದಿನ ಕೂಲಿಮಠಗಳೆಂಬ ಊರಶಾಲೆಗಳಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದರು. ಪೆನ್ಸಿಲು ಹಿಡಿಯಲು ಬಾರದ ಮೂರು ನಾಲ್ಕು ವರ್ಷದ ಮಕ್ಕಳಿಗೆ ಇದು ಎಲ್ಲಕ್ಕಿಂತ ಉತ್ತಮ. ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ಅಕ್ಷರ ಬರೆದು ಅದರ ಮೇಲೆ ಹುಣಸೆ ಬೀಜ ಜೋಡಿಸುವ ಅಂಗನವಾಡಿಯ ಆಟ ಆಕಾರವನ್ನು ಗುರುತಿಸಲು ಒಳ್ಳೆಯದು, ಬರೆಯುವ ದಿಕ್ಕನ್ನು ಮಾತ್ರ ಕಲಿಸುವುದಿಲ್ಲ. (ಬೀಜವನ್ನು ಮೂಗಿಗೆ ಹಾಕಿಕೊಳ್ಳುವ ವಯಸ್ಸಿನವರ ಹತ್ತಿರ ದೊಡ್ಡವರೊಬ್ಬರು ಕೂತಿರಬೇಕು.)

ಸ್ಲೇಟು ಮತ್ತು ಬಳಪವನ್ನು ಬೇಗ ಮೂಲೆಗೆ ಹಾಕಿದೆವು ಎಂದೇ ನನ್ನ ಭಾವನೆ. ಬಳಪ ಸ್ಲೇಟಿನ ಮೇಲೆ ತರಿತರಿಯಾಗಿ ಎಳೆಯುವುದರಿಂದ ಕೈಗೆ ಹಿಡಿತ ಸಿಗುತ್ತದೆ, ತಪ್ಪಾದರೆ ಒರೆಸಿದರಾಯಿತು, ತಪ್ಪಿನ ದಾಖಲೆ ಉಳಿಯುವುದಿಲ್ಲ. ಮಗು ಬಳಪ ತಿನ್ನುತ್ತಿದ್ದರೆ ಬೈದು ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು. ರಕ್ತಹೀನತೆಯಿರುವ ಮಕ್ಕಳಲ್ಲಿ ಇಂತಹ ಅಭ್ಯಾಸ ಕಾಣುವುದುಂಟು. ಮೊಬೈಲು ಮತ್ತು ಟ್ಯಾಬ್ಲೆಟ್ಟಿನ ಆಪ್‌ಗಳು ಅಕ್ಷರದ ಧ್ವನಿ ಕೇಳಿಸಲು, ಗುರುತಿಸುವ ಆಟಕ್ಕೆ ಅನುಕೂಲ, ಅದರಲ್ಲೂ ಮನೆಯಲ್ಲಿ ಕನ್ನಡ ಓದಬಲ್ಲವರು ಇಲ್ಲದಿದ್ದಾಗ. ನುಣುಪಾದ ಗಾಜಿನ ಮೇಲೆ ಬೆರಳು ಜಾರಿಸಿದರೆ ಸಾಕು, ಅಕ್ಷರ ತಾನಾಗಿ ಸೊಗಸಾಗಿ ಮೂಡುವುದರಿಂದ ಬರೆಯಲು ಕಲಿಸುವ ವಿಷಯದಲ್ಲಿ ಅವುಗಳ ಮೇಲೆ ನನಗೆ ನಂಬಿಕೆಯಿಲ್ಲ.

ಕಾಗದ ಮತ್ತು ಪೆನ್ಸಿಲಿಗೆ ಸಾಮಾನ್ಯವಾಗಿ ಐದು ವರ್ಷ ತುಂಬುವ ಹೊತ್ತಿಗೆ ಬಂದರೆ ಸಾಕು. ಇಲ್ಲಿ ಒಂದು ಎಚ್ಚರಿಕೆ ಬೇಕು: ಎಲ್‌ಕೆಜಿಗಳಲ್ಲಿ ಮಾಡಿಸುವ ‘ನಿಂತ ಗೆರೆ, ಮಲಗಿದ ಗೆರೆ, ಓರೆ ಗೆರೆ’ ಇಂಗ್ಲಿಷ್ ಅಕ್ಷರಗಳಿಗೆ ಮಾಡಿಕೊಂಡ ತಯಾರಿ. ಕನ್ನಡದ ಅಕ್ಷರಗಳಲ್ಲಿ ನೇರ ಗೆರೆ ಇಲ್ಲವೆನ್ನುವಷ್ಟು ಕಡಿಮೆ. ಬಟ್ಟಲಿನಂತಹ ಅರೆವೃತ್ತ, ಕಮಾನು, ಸುರುಳಿ, ಒಳಗೆ ಮಡಿಚುವ ಕೊಕ್ಕೆ ಇವನ್ನು ಬರೆಸಿದರೆ ಕನ್ನಡದ ಕೈ ಪಳಗುತ್ತದೆ. ಎಳೆ ರಂಗೋಲಿ ಹಾಕುವ ಮನೆಯಲ್ಲಿ ಈ ಅಭ್ಯಾಸಕ್ಕೆ ಪುಸ್ತಕವೇ ಬೇಡ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿನ ನಾಲ್ಕು ಗೆರೆಯ ಪುಸ್ತಕದಲ್ಲಿ ಕನ್ನಡ ಬರೆಸದೆ, ಸಾಲುಗಳ ನಡುವೆ ಧಾರಾಳವಾಗಿ ಜಾಗವಿರುವ ಪುಸ್ತಕ ಕೊಡಬೇಕು.

ಕಾಗುಣಿತ: ಅಡ್ಡವಾಗಿಯೋ, ಉದ್ದವಾಗಿಯೋ?

‘ಕ ಕಾ ಕಿ ಕೀ’ ಎಂದು ಒಂದು ಅಕ್ಷರಕ್ಕೆ ಎಲ್ಲ ಚಿಹ್ನೆಗಳನ್ನು ಹಚ್ಚಿ ಅಡ್ಡಸಾಲಾಗಿ ಬರೆಸುವುದು ಒಂದು ಪದ್ಧತಿ. ಇಳಿಯನ್ನು ಮಾತ್ರ ತೆಗೆದುಕೊಂಡು ಗೊತ್ತಿರುವ ಅಕ್ಷರಗಳಿಗೆಲ್ಲ ಹಚ್ಚಿ ‘ರಾ ಗಾ ಸಾ ದಾ’ ಎಂದು ಉದ್ದಕ್ಕೆ ಹೋಗುವುದು ಇನ್ನೊಂದು. ಮೊದಲನೆಯದು ಬಾಯಿಗೆ ಚೆನ್ನ, ಆದರೆ ಪುಟಗಟ್ಟಲೆ ಬರೆಸಿದರೆ ಮಗು ಆಕಾರಗಳನ್ನು ಯೋಚನೆಯಿಲ್ಲದೆ ನಕಲು ಮಾಡುತ್ತದೆ. ಎರಡನೆಯದರಲ್ಲಿ ಚಿಹ್ನೆಗೂ ಧ್ವನಿಗೂ ಇರುವ ಸಂಬಂಧ ತಾನಾಗಿಯೇ ಹೊಳೆಯುತ್ತದೆ, ದಾರ, ಗಾಜು, ಸಾರು ಎಂಬ ನಿತ್ಯದ ಪದಗಳು ಒಂದೆರಡು ಚಿಹ್ನೆಗಳಲ್ಲಿಯೇ ಸಿಗುತ್ತವೆ. ಹಾಗಾಗಿ ಎರಡನೆಯದೇ ಮೇಲು. ಕ್ರಮ ತಪ್ಪಿ ನಡೆಯುವ ರೂಪಗಳನ್ನು ಮಾತ್ರ ಪ್ರತ್ಯೇಕವಾಗಿ ತೋರಿಸಬೇಕು: ಪು ಮತ್ತು ವುಗಳಲ್ಲಿ ಕೊಂಬು ಕೆಳಗೆ ಸೇರುತ್ತದೆ, ಇಲ್ಲದಿದ್ದರೆ ವು ಮತ್ತು ಮ ಒಂದಾಗಿಬಿಡುತ್ತವೆ, ಮೊ, ಯೊ ಇವುಗಳ ರೂಪವೂ ಬೇರೆ. ಒತ್ತಕ್ಷರಗಳಲ್ಲಿ ತ, ನ, ಮ, ಯ, ರ, ಲ ತಮ್ಮ ಮೂಲ ಆಕಾರವನ್ನು ಬಿಟ್ಟುಕೊಡುತ್ತವೆ. ಉಳಿದವು ತಲಕಟ್ಟಿಲ್ಲದ ಪುಟ್ಟ ರೂಪಗಳಾದ್ದರಿಂದ ಮೊದಲು ಅಪ್ಪ, ಅಕ್ಕ, ಅಜ್ಜ, ಹಬ್ಬಗಳನ್ನು ಬರೆಸಿ, ಅಮ್ಮ ಮತ್ತು ಅತ್ತೆಯನ್ನು ಸ್ವಲ್ಪ ತಡೆದು ಬರೆಸಬಹುದು.

ಮನೆಯ ಭಾಷೆ ಬೇರೆಯಾದಾಗ

ತುಳು, ಕೊಂಕಣಿ, ಕೊಡವ ಮಾತನಾಡುವ ಮನೆಗಳಲ್ಲಿ ಮಗುವಿನ ಸ್ವಂತ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆದು ತೋರಿಸುವುದು ಒಳ್ಳೆಯ ಆರಂಭ. ತುಳುವಿನ ಮಗುವಿಗೆ ‘ಅಪ್ಪೆ’ (ತಾಯಿ) ಎಂಬ ಚೀಟಿಯಿಂದ ಸಿಗುವ ಅರ್ಥ ‘ಅಗಸ’ದಿಂದ ಸಿಗುವುದಿಲ್ಲ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಯಲೇಬೇಕಾದ ಕಾರಣ, ಕನ್ನಡ ಮಾತೇ ಬಾರದ ಮಕ್ಕಳೂ ಈಗ ಅಕ್ಷರ ಬರೆಯುತ್ತಿದ್ದಾರೆ. ಅಂತಹವರಿಗೆ ಮೊದಲ ಕೆಲವು ತಿಂಗಳು ಕೇಳಿಸಿಕೊಳ್ಳುವುದು, ಮಾತನಾಡುವುದು, ಆಮೇಲೆ ಅಕ್ಷರ. ಹೊರದೇಶಗಳಲ್ಲಿ ವಾರಕ್ಕೊಮ್ಮೆ ಕನ್ನಡ ಸಂಘದ ತರಗತಿಗೆ ಹೋಗುವ ಮಕ್ಕಳು ಸಾಮಾನ್ಯವಾಗಿ ಇಂಗ್ಲಿಷ್ ಓದಲು ಬಲ್ಲವರು. ಅವರು ‘ಕ’ವನ್ನು ಕ್ ಎಂಬ ಒಂದು ಧ್ವನಿಯೆಂದು ತಿಳಿದು, ಅದರೊಳಗೆ ಅ ಅಡಗಿದೆ ಎಂಬುದನ್ನು ಮರೆಯುತ್ತಾರೆ. ಅವರಿಗೆ ಕಾಗುಣಿತದ ಉದ್ದಸಾಲನ್ನು ಬೇಗ ಪರಿಚಯಿಸುವುದು ಅನುಕೂಲ.

ಕಲಿತದ್ದನ್ನು ಪರೀಕ್ಷಿಸುವಾಗ ಅಕ್ಷರಗಳನ್ನು ಸಾಲಿನಲ್ಲಿ ಕೇಳಬಾರದು, ಚದುರಿಸಿ ಕೇಳಬೇಕು. ಹಾಡಿನ ನೆನಪಿನಿಂದ ಹೇಳುವುದಕ್ಕೂ ಗುರುತಿಸಿ ಹೇಳುವುದಕ್ಕೂ ಇರುವ ಅಂತರ ಆಗಲೇ ತಿಳಿಯುತ್ತದೆ. ಉಕ್ತಲೇಖನಕ್ಕೆ ಅವಸರ ಬೇಡ, ಅದಕ್ಕಿಂತ ಮಗು ತಾನಾಗಿ ಬರೆದ ಚೀಟಿಗಳನ್ನು ಗಮನಿಸಿ. ‘ಅಪ್ಪ’ ಎಂಬುದನ್ನು ‘ಅಪ’ ಎಂದು ಬರೆದರೆ ಒತ್ತಕ್ಷರ ತೋರಿಸುವ ಸಮಯ ಬಂದಿದೆ, ‘ಹಾಲು’ ‘ಹಲು’ ಆಗಿದ್ದರೆ ಇಳಿಯ ಪಾಠ ಇನ್ನೊಮ್ಮೆ ಬೇಕಾಗಿದೆ ಎಂದು ತಿಳಿದುಕೊಂಡು, ಚೀಟಿಯ ಮೇಲೆ ಕೆಂಪು ಗೆರೆ ಎಳೆಯದೆ ಮರುದಿನದ ಪಾಠಕ್ಕೆ ಆ ಪದವನ್ನೇ ಆರಿಸಿಕೊಳ್ಳಬಹುದು. ಎರಡನೆಯ ತರಗತಿ ಮುಗಿಯುವ ಹೊತ್ತಿಗೂ ಮೂಲಾಕ್ಷರಗಳೇ ಚದುರಿಸಿ ಕೇಳಿದಾಗ ತಪ್ಪುತ್ತಿದ್ದರೆ, ಕ್ರಮವನ್ನು ಬದಲಿಸುವ ಮೊದಲು ಮಗುವಿನ ಕಣ್ಣು ಮತ್ತು ಕಿವಿಗಳನ್ನು ಪರೀಕ್ಷೆ ಮಾಡಿಸಿ, ಅವು ಸರಿಯಿದ್ದರೆ ಕಲಿಕಾ ತೊಂದರೆಗಳನ್ನು ಬಲ್ಲ ತಜ್ಞರನ್ನು ಕಾಣಬೇಕು.